ಪಾಲಿನ ಬಾವಿಗೆ ಡಬ್ಬಿ ಕೂರಿಸಿದ್ದು

ಒಂದು ಕಡೆ ಕೂರಲಾರದವನಿಗೆ ಇಂಥವು ಆಗುತ್ತಲೇ ಇರುತ್ತವೆ, ಅದಕ್ಕೆ ಜಾತಕ ತೋರಿಸಬೇಕಾಗಿಲ್ಲ. ನಮ್ಮವ್ವ ನನ್ನನ್ನು ಕಂಡಾಗಲೆಲ್ಲ "ಇವನ ಕಾಲಿಗೆ ಚಕ್ರ ಕಟ್ಟಿ ಹೆತ್ತಿದ್ದೀನಿ" ಅನ್ನುತ್ತಿದ್ದಳು. ಊಟಕ್ಕೆ ಕೂತರೆ ಅನ್ನ ಆದಮೇಲೆ ಸಾರು ಬರುವಷ್ಟರಲ್ಲಿ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬರುವವನು ನಾನು. ಬಸ್ಸಿಗೆ ಕಾಯಲಾರದೆ ಮುಂದಿನ ಸ್ಟಾಪಿಗೆ ನಡೆದು, ಎರಡು ಸ್ಟಾಪಿನ ನಡುವೆ ಇರುವಾಗ ಬಸ್ಸು ಪಕ್ಕದಲ್ಲೇ ಹೋಗಿದ್ದನ್ನು ಎಷ್ಟೋ ಸಲ ನೋಡಿದ್ದೀನಿ. ಇಂಥವನಿಗೆ ದೇವರು ಹುಡುಕಿ ಹುಡುಕಿ ಕೊಟ್ಟಿದ್ದು ಕಾಯುವ ಕೆಲಸ.

ಎಂಬತ್ತರ ದಶಕದ ಕೊನೆ. ಕಡೂರಿನಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಶೆಡ್ಡು. ಅದರ ಯಜಮಾನರು ಹಿಂದೆ ಹುಡುಗರಿಗೆ ರೇಡಿಯೋ ರಿಪೇರಿ ಕಲಿಸುತ್ತಿದ್ದವರು, ಹಾಗಾಗಿ ಊರಿಗೆಲ್ಲ ಮೇಷ್ಟ್ರು. ಪಂಪು, ಗಿರಣಿ, ದೀಪದ ಸರ, ಇವೆಲ್ಲ ತಾವಾಗಿ ನಡೆಯುವಂಥ ಡಬ್ಬಿಗಳನ್ನು ನಾವು ಮಾಡುತ್ತಿದ್ದೆವು. ಡಬ್ಬಿಯೊಳಗೆ ಮೈಕ್ರೋಕಂಟ್ರೋಲರ್ ಅನ್ನುವ ಬೆರಳುದ್ದದ ಚಿಪ್ಪು. ಅದು ಏನು ಮಾಡಬೇಕು ಅನ್ನುವುದನ್ನು ಸಿ ಭಾಷೆಯಲ್ಲಿ ಬರೆದು ಚಿಪ್ಪಿಗೆ ತುಂಬುವುದು ನನ್ನ ಕೆಲಸ. ತಪ್ಪಿದ್ದರೆ ಚಿಪ್ಪನ್ನು ಕಿತ್ತು ನೇರಳೆ ಬಣ್ಣದ ಲ್ಯಾಂಪಿನ ಕೆಳಗಿಟ್ಟು, ಹಳೆಯದೆಲ್ಲ ಅಳಿಸಿ ಹೋಗುವವರೆಗೆ ಕಾಯಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಕಾಯಬೇಕು. ಕಾಯುವಾಗೆಲ್ಲ ನಾನು ಶೆಡ್ಡನ್ನು ಸುತ್ತುತ್ತಿದ್ದೆ. ಸುತ್ತಿ ಸುತ್ತಿ ಅಲ್ಲೊಂದು ಕಾಲುದಾರಿಯೇ ಬಿದ್ದಿತ್ತು. "ದಾರಿ ಸವೆದಿದ್ದು ನೋಡಿದ್ರೆ ಸಾಕು ಕಣೋ, ನೀನು ಈ ತಿಂಗಳು ಎಷ್ಟು ತಪ್ಪು ಮಾಡಿದ್ದೀಯ ಅಂತ ಗೊತ್ತಾಗುತ್ತೆ" ಅನ್ನುತ್ತಿದ್ದರು ಮೇಷ್ಟ್ರು.

ಆ ತಪ್ಪುಗಳು ಎಂಥವು ಅಂತ ಮೊದಲೇ ಹೇಳಿಬಿಡುತ್ತೀನಿ. ಪ್ರೋಗ್ರಾಮಿನಲ್ಲಿ ಲೆಕ್ಕ ಇಡಲು ಹೆಸರು ಕೆತ್ತಿದ ಪಾತ್ರೆಗಳಿರುತ್ತವೆ ಅಂದುಕೊಳ್ಳಿ. ಕೆಲವು ಪಾತ್ರೆ ಹಜಾರದಲ್ಲಿಟ್ಟವು, ಮನೆಯವರೆಲ್ಲ ಕೈ ಹಾಕಬಹುದು. ಕೆಲವು ಕೋಣೆಯೊಳಗಿನವು, ಆ ಕೋಣೆಯವರಿಗೆ ಮಾತ್ರ. ಯಾವ ಪಾತ್ರೆ ಎಲ್ಲಿಡಬೇಕು ಅನ್ನುವುದೇ ದೊಡ್ಡ ವಿದ್ಯೆ. ಕೂತು ಯೋಚನೆ ಮಾಡಿದರೆ ತಿಳಿಯುತ್ತದೆ. ಆದರೆ ಕೂರಬೇಕಲ್ಲ.

೧. ತರೀಕೆರೆಯ ಮಾವ

ತರೀಕೆರೆಯ ಒಂದು ಅಕ್ಕಿ ಗಿರಣಿಗೆ ಡಬ್ಬಿ ಕೊಟ್ಟಿದ್ದೆವು. ಭತ್ತ ಖಾಲಿಯಾದ ಮೇಲೆ ಸ್ವಲ್ಪ ಹೊತ್ತು ಎಣಿಸಿ, ಮೋಟಾರನ್ನು ತಾನಾಗಿ ನಿಲ್ಲಿಸಬೇಕು. ಅಷ್ಟೇ ಕೆಲಸ. ಹಾಕಿದ ಮೊದಲ ದಿನ ಭತ್ತ ಖಾಲಿಯಾಯಿತು, ಅಕ್ಕಿ ತಗೊಂಡು ಜನ ಮನೆಗೆ ಹೋದರು, ಮೋಟಾರು ಮಾತ್ರ ನಿಲ್ಲಲಿಲ್ಲ. ಗಿರಣಿ ಯಜಮಾನರು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದರು. ನಾನು ಹೋದೆ.

ನೋಡಿದರೆ ಎಣಿಸುವ ಪಾತ್ರೆಯನ್ನು ಕೋಣೆಯೊಳಗೆ ಇಟ್ಟಿದ್ದೆ. ಕೋಣೆಯ ಪಾತ್ರೆಯ ಗುಣ ಏನೆಂದರೆ, ಒಳಗೆ ಹೋದವರು ಹೊರಗೆ ಬಂದ ಕೂಡಲೇ ಅದನ್ನು ತೊಳೆದು ಬೋರಲು ಹಾಕಿಬಿಡುತ್ತಾರೆ. ಮುಂದಿನ ಸಲ ಹೋದರೆ ಮತ್ತೆ ಸೊನ್ನೆ. ಇದ್ದದ್ದು ಇದ್ದಂಗೇ ಇರಲಿ ಅನ್ನುವುದಾದರೆ ಪಾತ್ರೆಯ ಹೆಸರಿನ ಮುಂದೆ "ಸ್ಟ್ಯಾಟಿಕ್" ಅಂತ ಒಂದು ಮಾತು ಸೇರಿಸಬೇಕು. ಅದನ್ನು ಬಿಟ್ಟಿದ್ದೆ. ಚಿಪ್ಪು ಪಾಪ ಕೋಣೆಗೆ ಹೋಗುವುದು, ಸೊನ್ನೆ ಇದ್ದದ್ದನ್ನು ಒಂದು ಮಾಡುವುದು, ಹೊರಗೆ ಬರುವುದು, ಮತ್ತೆ ಹೋಗಿ ಸೊನ್ನೆ ಕಾಣುವುದು. ಯುಗ ಕಳೆದರೂ ಎರಡಾಗುವುದಿಲ್ಲ.

ಇದನ್ನು ಗಿರಣಿ ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿ ಕೇಳಿದರು. ಪಕ್ಕದಲ್ಲಿ ಅವರ ಹೆಂಡತಿಯ ತಂದೆ ಬೆಂಚಿನ ಮೇಲೆ ಕೂತಿದ್ದರು. ಹಬ್ಬಕ್ಕೆ ಬಂದವರು, ಹಬ್ಬ ಮುಗಿದು ಎಷ್ಟೋ ದಿನವಾಗಿತ್ತು.

"ಡಬ್ಬಿ ಕೆಟ್ಟಿಲ್ಲ ಬಿಡ್ರೀ" ಅಂದರು ಯಜಮಾನರು. "ನಮ್ಮ ಮಾವನೋರ ಥರ ಆಗೈತೆ. ಊರಿಗೆ ಹೊರಡ್ತೀನಿ ಅಂತ ಏಳ್ತಾರೆ, ಚಪ್ಪಲಿ ಮೆಟ್ಕೋತಾರೆ, ಹೊಸ್ತಿಲು ದಾಟ್ತಿದ್ದಂಗೆ ಹೊರಟಿದ್ದೇ ಮರ್ತು ಒಳಕ್ಕೆ ಬಂದು ಕಾಫಿ ಕೇಳ್ತಾರೆ. ಆ ಅದೇನೋ ಮಾತು ಅಂದ್ರಲ್ಲ, ಅದನ್ನ ಇವರ ಹೆಸರಿನ ಮುಂದೂ ಸೇರ್ಸೋಕಾಗುತ್ತಾ?"

ಮಾವನೋರು ತಲೆ ಎತ್ತಿ "ಕಾಫಿ ಅಂದ್ರಾ?" ಅಂದರು.

ಅವತ್ತಿನಿಂದ ನಮ್ಮ ಶೆಡ್ಡಿನಲ್ಲಿ ಆ ತಪ್ಪಿಗೆ "ಮಾವ" ಅಂತಲೇ ಹೆಸರು. ಏನೇ ಬರೆದು ತೋರಿಸಿದರೂ ಮೇಷ್ಟ್ರು ಕನ್ನಡಕ ಏರಿಸಿ, "ಎಲ್ಲೂ ಮಾವ ಕೂತಿಲ್ಲ ತಾನೆ?" ಅಂತ ಕೇಳುತ್ತಿದ್ದರು.

೨. ಅಜ್ಜಂಪುರದ ನವಿಲು

ಅಜ್ಜಂಪುರದಲ್ಲಿ ಮದುವೆಗಳಿಗೆ ಲೈಟಿಂಗ್ ಹಾಕುವ ಕಂಟ್ರಾಕ್ಟರ್ ಒಬ್ಬರಿದ್ದರು. ಚಪ್ಪರದ ಮುಂದೆ ಬಣ್ಣದ ಬಲ್ಬಿನ ದೊಡ್ಡ ನವಿಲು ನಿಲ್ಲಿಸುತ್ತಿದ್ದರು. ನಮ್ಮ ಡಬ್ಬಿ ಜೋಡಿಸಿದರೆ ಅದು ಗರಿ ಒಂದೊಂದಾಗಿ ಬಿಚ್ಚಬೇಕು. ಬೇಗ ಬಿಚ್ಚಲಿ ಅನ್ನಿಸಿದರೆ ಒತ್ತಲು ಒಂದು ಗುಂಡಿಯೂ ಇತ್ತು. ಶೆಡ್ಡಿನಲ್ಲಿ ಚೆನ್ನಾಗೇ ಬಿಚ್ಚಿತ್ತು.

ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ವ್ಯಾನಿನಿಂದ ಇಳಿಯುವ ಹೊತ್ತಿಗೆ ಸ್ವಿಚ್ ಹಾಕಿದರು. ನವಿಲು ಅರ್ಧ ಗರಿ ಬಿಚ್ಚಿತು, ನಡುಗಿತು, ಮುಚ್ಚಿಕೊಂಡಿತು. ಮತ್ತೆ ಅರ್ಧ ಬಿಚ್ಚಿತು, ನಡುಗಿತು. "ಚಳಿಜ್ವರ ಬಂದೈತೆ ನವಿಲಿಗೆ" ಅಂದ ಯಾರೋ. ಕಂಟ್ರಾಕ್ಟರ್ ನನ್ನನ್ನು ಹುಡುಕಿದರು. ನಾನು ಆಗಲೇ ಚಪ್ಪರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದೆ.

ಆಗಿದ್ದು ಇಷ್ಟು. ಗರಿ ಎಣಿಸಲು ಒಂದು ಪಾತ್ರೆ, ಗುಂಡಿ ಒತ್ತಿದ್ದನ್ನು ಎಣಿಸಲು ಇನ್ನೊಂದು ಪಾತ್ರೆ ಬೇಕಿತ್ತು. ಅವಸರದಲ್ಲಿ ಎರಡಕ್ಕೂ ಹಜಾರದ ಒಂದೇ ಪಾತ್ರೆ ಬಳಸಿದ್ದೆ. ಶೆಡ್ಡಿನಲ್ಲಿ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಇಲ್ಲಿ ಗುಂಡಿಯ ವೈರು ಸಡಿಲವಾಗಿ, ಗಾಳಿ ಬಂದಾಗೆಲ್ಲ ತಾನೇ ಒತ್ತಿದಂಗಾಗುತ್ತಿತ್ತು. ಗರಿಯ ಲೆಕ್ಕ ಅರ್ಧಕ್ಕೆ ಬಂದಿರುವಾಗ ಗುಂಡಿ ಬಂದು ಪಾತ್ರೆಯನ್ನು ಬಗ್ಗಿಸಿ ಹೋಗುತ್ತಿತ್ತು.

ಇದು ನನಗೆ ಹೊಳೆಯುವಷ್ಟರಲ್ಲಿ ಹೆಣ್ಣಿನ ಅಜ್ಜಿ ಬಂದರು. "ದೃಷ್ಟಿ ಕಣಪ್ಪಾ. ಬೆಳಗಿಂದ ಊರೆಲ್ಲ ಬಾಯಿ ಬಿಟ್ಕೊಂಡು ನೋಡೈತೆ" ಅಂದರು. ಹಿಂದೆ ಒಬ್ಬಳು ಹುಡುಗಿ ತಟ್ಟೆಯಲ್ಲಿ ಒಣಮೆಣಸಿನಕಾಯಿ, ಉಪ್ಪು ಹಿಡಿದು ನಿಂತಿದ್ದಳು. ಅಜ್ಜಿ ಮುಷ್ಟಿ ತುಂಬ ಮೆಣಸಿನಕಾಯಿ ತಗೊಂಡು ನವಿಲಿಗೆ ನಿವಾಳಿಸಿದರು. ಡಬ್ಬಿಗೂ ನಿವಾಳಿಸಿದರು. ನಿವಾಳಿಸುವಾಗ ಬಳೆಗೆ ಸಿಕ್ಕಿ ಗುಂಡಿಯ ವೈರು ಕಿತ್ತು ಬಂತು. ನವಿಲು ನಿಧಾನವಾಗಿ, ಒಂದೂ ತಪ್ಪದೆ, ಎಲ್ಲ ಗರಿ ಬಿಚ್ಚಿ ನಿಂತುಕೊಂಡಿತು. ವಾಲಗದವರೂ ಒಂದು ಗಳಿಗೆ ಬಾಯಿ ಬಿಟ್ಟು ನೋಡಿದರು.

ನಾನು ವೈರಿನ ವಿಷಯ ಹೇಳಲು ಬಾಯಿ ತೆರೆದೆ. ತಟ್ಟೆ ಹಿಡಿದಿದ್ದ ಹುಡುಗಿ ಮೆಲ್ಲಗೆ, "ನಾನೂ ನೋಡ್ದೆ. ಸುಮ್ನಿರಿ, ಅಜ್ಜಿಗೆ ಖುಷಿಯಾಗೈತೆ" ಅಂದಳು. ಅಷ್ಟು ಹೇಳಿ ನಕ್ಕಳು. ಆ ಹುಡುಗಿ ನನಗೆ ಬೇಕು ಅನ್ನಿಸಿತು. ಸುತ್ತಿ ಬಳಸಿ ಹೇಳುವುದು ಯಾಕೆ, ಅಲ್ಲೇ, ಆ ಮೆಣಸಿನಕಾಯಿ ಘಾಟಿನಲ್ಲೇ ಅನ್ನಿಸಿತು.

ಡಬ್ಬಿಯನ್ನು ಸರಿ ಮಾಡಿಕೊಡುತ್ತೀನಿ ಅಂದರೂ ಕಂಟ್ರಾಕ್ಟರ್ ಕೊಡಲಿಲ್ಲ. ಆಮೇಲೆ ಅವರು ಯಾವ ಮದುವೆಗೆ ಹೋದರೂ ಎಲೆ ಅಡಿಕೆ ಜೊತೆಗೆ ಒಂದು ಹಿಡಿ ಒಣಮೆಣಸಿನಕಾಯಿ ಕೊಡಲೇಬೇಕು ಅಂತ ಮೊದಲೇ ಮಾತಾಡಿಕೊಳ್ಳುತ್ತಿದ್ದರಂತೆ.

೩. ಪಾಲಾದ ಮೇಲೂ ಬಾವಿ ಒಂದೇ

ಆ ಹುಡುಗಿಯ ತಂದೆಯೂ ಚಪ್ಪರದಲ್ಲಿದ್ದರು. ಹಿರೇನಲ್ಲೂರು ಕಡೆಯ ರೈತರು. ನಾನು ಸಂಜೆಯೆಲ್ಲ ಕೂರದೆ ಸುತ್ತುವುದನ್ನು ನೋಡಿ, "ಹುಡುಗ ಭಾರಿ ಕೆಲಸಗಾರ, ಕುಂಡೆ ನೆಲಕ್ಕೆ ತಾಗಿಸಲಿಲ್ಲ" ಅಂತ ಮೆಚ್ಚಿಕೊಂಡರಂತೆ. ನನ್ನ ಚಟವನ್ನು ಗುಣ ಅಂದುಕೊಂಡವರು ಭೂಮಿಯ ಮೇಲೆ ಅವರೊಬ್ಬರೇ.

ಕೆಲವು ದಿನ ಕಳೆದು ಅವರೇ ಶೆಡ್ಡಿಗೆ ಬಂದರು. ಅವರಿಗೂ ಅವರ ತಮ್ಮನಿಗೂ ಪಾಲಾಗಿತ್ತು. ಮನೆ ನಡುವೆ ಗೋಡೆ ಬಂದಿತ್ತು, ಹೊಲದ ನಡುವೆ ಬದು ಬಂದಿತ್ತು. ಬಾವಿಯನ್ನು ಮಾತ್ರ ಸೀಳಲು ಆಗಿರಲಿಲ್ಲ. ಬಾವಿ ಒಂದು, ಪಂಪು ಒಂದು, ನೀರು ಸರದಿಯ ಮೇಲೆ. ಒಂದು ದಿನ ಅಣ್ಣನಿಗೆ, ಒಂದು ದಿನ ತಮ್ಮನಿಗೆ ಅಂತ ಇಟ್ಟರೆ, ಅಣ್ಣನ ದಿನ ಕರೆಂಟು ಇರುತ್ತಿರಲಿಲ್ಲ, ಅಥವಾ ತಮ್ಮನ ದಿನ. ಕರೆಂಟು ಹೋದಾಗೆಲ್ಲ ಜಗಳ. ಕೊನೆಗೆ ಅಣ್ಣ ತಮ್ಮ ಮಾತೇ ಬಿಟ್ಟಿದ್ದರು.

"ಪಂಪು ಓಡಿದ ಹೊತ್ತನ್ನ ಮಾತ್ರ ಎಣಿಸೋ ಡಬ್ಬಿ ಮಾಡಿಕೊಡಿ" ಅಂದರು. "ನನ್ನ ಹೊತ್ತು ಮುಗಿದ್ರೆ ಗಂಟೆ ಹೊಡೀಬೇಕು. ಅವನು ಕಾಲುವೆ ಬಾಯಿ ಕಡಿದು ನೀರು ತಿರುಗಿಸ್ಕೋತಾನೆ. ಅವನ ಹೊತ್ತು ಮುಗಿದ್ರೆ ಮತ್ತೆ ಗಂಟೆ, ನಾನು ತಿರುಗಿಸ್ಕೋತೀನಿ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಡಬ್ಬಿ ನೆಟ್ಟಗಾದ್ರೆ, ಹುಡುಗನ್ನ ಕರ್ಕೊಂಡು ನಮ್ಮನೆ ಕಡೆ ಬನ್ನಿ. ಹೆಣ್ಣೈತೆ" ಅಂದರು.

ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಕೂತರೆ ಕೇಳಿ. ನಿಂತೇ ಬರೆದೆ. ಲ್ಯಾಂಪಿನ ಕೆಳಗೆ ಚಿಪ್ಪು ಇಟ್ಟು ಮಾರ್ಕೆಟ್ಟಿಗೆ ಹೋಗಿ ಬಂದೆ, ಸ್ಟೇಷನ್ನಿಗೆ ಹೋಗಿ ಯಾರೋ ಗುರುತಿಲ್ಲದವರನ್ನು ರೈಲು ಹತ್ತಿಸಿ ಬಂದೆ. ಡಬ್ಬಿಯಲ್ಲಿ ಅಣ್ಣನ ಸರದಿಗೆ ಕೆಂಪು ದೀಪ, ತಮ್ಮನ ಸರದಿಗೆ ಹಸಿರು ದೀಪ. ಅಣ್ಣನ ಸರದಿ ಓಡಿಸಿ ನೋಡಿದೆ, ಗಂಟೆ ಸರಿಯಾಗಿ ಹೊಡೆಯಿತು. ತಮ್ಮನದನ್ನೂ ಕಾದು ನೋಡು ಅಂದರು ಮೇಷ್ಟ್ರು. ಅದೂ ಹಂಗೇ ಇರುತ್ತೆ ಬಿಡಿ ಸಾರ್ ಅಂತ ಬಸ್ಸು ಹತ್ತಿದೆ.

ಡಬ್ಬಿ ಕೂರಿಸಿ ಬಂದ ಎರಡೇ ದಿನಕ್ಕೆ ಆ ತಮ್ಮನೇ ಶೆಡ್ಡಿಗೆ ಬಂದರು. ಹೆಗಲ ಮೇಲೆ ಗುದ್ದಲಿ ಹಾಗೇ ಇತ್ತು.

"ಏನಪ್ಪಾ ಇಂಜಿನಿಯರ್ರೇ, ಗಂಟೆ ಹೊಡೀತು, ನನ್ನ ಸರದಿ ಅಂತ ಗುದ್ದಲಿ ಎತ್ತಿದೆ. ಕಾಲುವೆ ಬಾಯಿಗೆ ಒಂದು ಏಟು ಹಾಕೋದ್ರೊಳಗೆ ಮತ್ತೆ ಗಂಟೆ. ನನ್ನ ಸರದಿ ಮುಗೀತಂತೆ. ಒಂದು ಬೀಡಿ ಹಚ್ಚೋಷ್ಟು ಹೊತ್ತೂ ನೀರಿಲ್ಲ. ನಮ್ಮಣ್ಣ ನಿಂಗೆ ಹೆಣ್ಣು ಕೊಡೋ ವಿಷಯ ನಂಗೂ ಗೊತ್ತೈತೆ."

ಸಿಕ್ಕಿದ ಬಸ್ಸು ಹತ್ತಿ ಹೋಗಿ ಅಣ್ಣನನ್ನು ಕೇಳಿದೆ, ಡಬ್ಬಿ ಹೇಗಿದೆ ಅಂತ. ಅವರ ಹೊಲದಲ್ಲಿ ನೀರು ಕೆರೆಯ ಹಾಗೆ ನಿಂತಿತ್ತು. ಜೋಳದ ಬುಡಕ್ಕೆ ಕಪ್ಪೆ ಬಂದಿದ್ದವು.

"ನಮಗೇನೂ ತೊಂದ್ರೆ ಕಾಣ್ಲಿಲ್ಲಪ್ಪಾ" ಅಂದರು ಅವರು. "ಇಂಥ ಪ್ರಾಮಾಣಿಕವಾದ ಡಬ್ಬಿ ನಾನು ನೋಡೇ ಇಲ್ಲ."

೪. ಡಬ್ಬಿಗೆ ಇಬ್ಬರು ಕಾವಲು

ಡಬ್ಬಿಯನ್ನು ಕಡೂರಿಗೆ ತಂದು ನೋಡಬೇಕಿತ್ತು. ನನ್ನೊಬ್ಬನ ಕೈಗೆ ಕೊಡಲು ತಮ್ಮ ಒಪ್ಪಲಿಲ್ಲ. ತಮ್ಮ ಹೊರಟರೆ ಅಣ್ಣ ಬಿಡುತ್ತಾರೆಯೇ? ಇಬ್ಬರೂ ಹೊರಟರು. ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಆ ಕಡೆ ಅಣ್ಣ, ಈ ಕಡೆ ತಮ್ಮ, ನಡುವೆ ಡಬ್ಬಿ. ನಾನು ಎದುರಿಗೆ ಕಂಬಿ ಹಿಡಿದು ನಿಂತಿದ್ದೆ.

"ಇಂಜಿನಿಯರ್ರೇ, ಡಬ್ಬಿ ಮೇಲೆ ಮೊಣಕೈ ಊರಬಾರದು ಅಂತ ಅವರಿಗೆ ಹೇಳಿ" ಅಂದರು ತಮ್ಮ.

"ರಸ್ತೆ ಗುಂಡೀಲಿ ಡಬ್ಬಿ ಬಿದ್ದೋದ್ರೆ ಅವರು ಕಟ್ಕೊಡ್ತಾರಾ, ಕೇಳಿ" ಅಂದರು ಅಣ್ಣ.

ಕಡೂರು ಬರುವವರೆಗೂ ಒಂದು ಮೊಳ ದೂರದಲ್ಲಿದ್ದ ಇಬ್ಬರ ನಡುವೆ ನಾನು ಟಪಾಲು ಹಂಚಿದೆ.

ಶೆಡ್ಡಿಗೆ ಬಂದು ಪ್ರೋಗ್ರಾಮು ತೆರೆದರೆ ತಪ್ಪು ಎದುರಿಗೇ ಕೂತಿತ್ತು. ಅಣ್ಣನ ಹೊತ್ತು ತುಂಬಲು ಹಜಾರದಲ್ಲಿ ಒಂದು ಪಾತ್ರೆ ಇಟ್ಟಿದ್ದೆ. ತಮ್ಮನ ಹೊತ್ತನ್ನೂ ಅದೇ ಪಾತ್ರೆಗೆ ತುಂಬುತ್ತಿದ್ದೆ. ಅದನ್ನು ಖಾಲಿ ಮಾಡುವ ಸಾಲು ಅಣ್ಣನ ಸರದಿಯ ಮೊದಲಲ್ಲಿ ಮಾತ್ರ ಇತ್ತು. ಹಾಗಾಗಿ ಅಣ್ಣನ ಸರದಿಗೆ ಖಾಲಿ ಪಾತ್ರೆ, ತಮ್ಮನ ಸರದಿಗೆ ಅಣ್ಣ ತುಂಬಿಸಿಟ್ಟ ಪಾತ್ರೆ. ತುಂಬಿದ ಪಾತ್ರೆ ಕಂಡ ಕೂಡಲೇ ಡಬ್ಬಿ ಗಂಟೆ ಹೊಡೆಯುತ್ತಿತ್ತು. ಅಜ್ಜಂಪುರದ ನವಿಲಿನ ಕಥೆಯೇ, ಊರು ಬೇರೆ ಅಷ್ಟೆ.

ಚಿಪ್ಪನ್ನು ಲ್ಯಾಂಪಿನ ಕೆಳಗಿಟ್ಟು, ಇಬ್ಬರಿಗೂ ಇದನ್ನು ವಿವರಿಸಿದೆ. ಅಣ್ಣನ ಮುಖ ಕೆಂಪಾಯಿತು.

"ಏನಂದ್ರಿ? ಇಬ್ಬರಿಗೂ ಒಂದೇ ಪಾತ್ರೆನಾ? ಪಾಲಾಗಿ ಇಷ್ಟು ವರ್ಷ ಆಯ್ತು, ಒಲೆ ಬೇರೆ ಆಯ್ತು, ಉಪ್ಪಿನಕಾಯಿ ಜಾಡಿ ಬೇರೆ ಆಯ್ತು. ಪಾಲಾದೋರಿಗೆ ಒಂದೇ ಪಾತ್ರೆ ಇಡ್ತಾರೇನ್ರೀ ಯಾರಾದ್ರೂ?"

"ಅದೇ ಕಣಣ್ಣಾ" ಅಂದರು ತಮ್ಮ. "ಪಾಲು ಅಂದ್ರೆ ಏನು ಅಂತ ಗೊತ್ತಿಲ್ದೋರ ಕೈಲಿ ಡಬ್ಬಿ ಮಾಡಿಸಿದೀವಿ ನಾವು."

"ಓದಿದೋರು, ತಿಳೀತದೆ ಅಂದ್ಕೊಂಡೆ ಕಣೋ."

ಮಾತು ಬಿಟ್ಟಿದ್ದ ಅಣ್ಣ ತಮ್ಮ ಮತ್ತೆ ಮಾತಾಡಿದ್ದು ಹೀಗೆ. ಚಿಪ್ಪು ಅಳಿಸುವವರೆಗೂ ಇಬ್ಬರೂ ಸರದಿ ತಪ್ಪದಂತೆ ನನ್ನನ್ನು ಬೈದರು, ಅದಕ್ಕೆ ಯಾವ ಡಬ್ಬಿಯೂ ಬೇಕಾಗಲಿಲ್ಲ.

ಹಾಗೆ ತಲೆಯ ಮೇಲೆ ಇಬ್ಬರು ನಿಂತಿರುವಾಗ ಬರೆದೆನಲ್ಲ. ಹಜಾರದ ಪಾತ್ರೆ ತೆಗೆದೆ. ಅಣ್ಣನಿಗೊಂದು ಕೋಣೆ, ತಮ್ಮನಿಗೊಂದು ಕೋಣೆ, ಅವರವರ ಕೋಣೆಯಲ್ಲಿ ಅವರವರ ಪಾತ್ರೆ. ಪಕ್ಕಾ ಪಾಲು. ಇಬ್ಬರೂ ಸಮಾಧಾನದಿಂದ ತಲೆ ಆಡಿಸಿದರು. ಹಿಂದಿನ ಸಲ ನೀರು ಸಿಗದವರು ಅಂತ ಮೊದಲ ಸರದಿ ತಮ್ಮನಿಗೆ ಇಟ್ಟೆ. ಕಾದು ನೋಡಲು ಅವರಿಗೂ ಹೊತ್ತಿರಲಿಲ್ಲ, ಕೊನೆಯ ಬಸ್ಸು ಹೊರಡುವುದರಲ್ಲಿತ್ತು.

ಮಾರನೆಯ ದಿನವೇ ಅಣ್ಣನ ಕಡೆಯಿಂದ ಮಾತು ಬಂತು. ತಮ್ಮನ ಸರದಿ ಶುರುವಾಗಿದ್ದು ಮುಗಿಯುತ್ತಲೇ ಇಲ್ಲ. ಹಸಿರು ದೀಪ ಆರುವುದೇ ಇಲ್ಲ. ಈಗ ತಮ್ಮನ ಹೊಲದಲ್ಲಿ ಕಪ್ಪೆ. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು: ನಮ್ಮ ಹುಡುಗಿಯ ವಿಷಯ ಇಲ್ಲಿಗೆ ಬಿಡಿ.

ನಾನು ಪ್ರೋಗ್ರಾಮಿನ ಹಾಳೆ ತಂದು ಮೇಷ್ಟ್ರ ಮುಂದೆ ಹರಡಿದೆ. ಮೇಷ್ಟ್ರು ಪ್ರೋಗ್ರಾಮಿನ ಮೇಲೆ ಬೆರಳಾಡಿಸಿದರು. ಎರಡು ಕೋಣೆ, ಎರಡು ಪಾತ್ರೆ, ಎರಡರ ಮುಂದೂ ಸ್ಟ್ಯಾಟಿಕ್ ಇಲ್ಲ. ಹೊರಗೆ ಬಂದಾಗೆಲ್ಲ ಪಾತ್ರೆ ತೊಳೆದು ಬೋರಲು.

"ಹೆಣ್ಣಿನ ಅಪ್ಪನ ಡಬ್ಬೀಲೂ ಮಾವನ್ನ ಕೂರಿಸಿದ್ದೀಯಲ್ಲೋ" ಅಂದರು ಮೇಷ್ಟ್ರು. "ಒಬ್ಬ ಮಾವ ಸಾಲದು ಅಂತ ಇಬ್ಬರನ್ನ."

೫. ಹೆಣ್ಣು ನೋಡಿದ್ದು

ನನ್ನನ್ನು ಉಳಿಸಿದ್ದು ತಮ್ಮ. ಮಾತು ಬಿಟ್ಟಿದ್ದವರು ಈಗ ಮಾತಾಡುತ್ತಿದ್ದರಲ್ಲ, ಅಣ್ಣನ ಜಗಲಿಗೆ ಹೋಗಿ ಕೂತು ಹೇಳಿದರಂತೆ: "ಅಣ್ಣಾ, ಯೋಚನೆ ಮಾಡು. ಈ ಹುಡುಗ ಮೊದಲು ನಂಗೆ ಮೋಸ ಮಾಡ್ದ, ಆಮೇಲೆ ನಿಂಗೆ ಮಾಡ್ದ. ಇಷ್ಟು ಸಮನಾಗಿ ನಡ್ಕೊಳ್ಳೋ ಅಳಿಯ ಇನ್ನೆಲ್ಲಿ ಸಿಗ್ತಾನೆ?"

ಅಣ್ಣ ಪೂರ್ತಿ ಒಪ್ಪಲಿಲ್ಲ, ಪೂರ್ತಿ ಬಿಡಲೂ ಇಲ್ಲ. "ಡಬ್ಬಿ ತರಲಿ, ಹೆಣ್ಣೂ ನೋಡಲಿ. ಎರಡೂ ಒಂದೇ ದಿನ ಆಗಲಿ. ಗಂಟೆ ಸರಿಯಾಗಿ ಹೊಡೆದ್ರೆ ಮಾತು ಮುಂದಕ್ಕೆ. ಇಲ್ಲಾಂದ್ರೆ ಡಬ್ಬಿ ತಗೊಂಡು ಹೋಗ್ತಾ ಇರಲಿ" ಅಂದರು.

ಎರಡು ಪಾತ್ರೆಯ ಮುಂದೂ ಸ್ಟ್ಯಾಟಿಕ್ ಸೇರಿಸಿ, ಬೆಳಿಗ್ಗೆಯೇ ಹೋಗಿ ಡಬ್ಬಿ ಕೂರಿಸಿದೆ. ಪರೀಕ್ಷೆಗೆ ಅಂತ ಸರದಿಯನ್ನು ಗಿಡ್ಡ ಇಟ್ಟಿದ್ದೆ. ಆದರೆ ಕರೆಂಟಿಲ್ಲ. ಮಧ್ಯಾಹ್ನ ಅವ್ವ, ಮೇಷ್ಟ್ರು ಬಂದರು. ಹಜಾರದಲ್ಲಿ ಜಮಖಾನ ಹಾಸಿದ್ದರು. ನನ್ನನ್ನು ಹೊಸ ಪಂಚೆಯಲ್ಲಿ ನಡುವೆ ಕೂರಿಸಿ ಅವ್ವ ನನ್ನ ಮಂಡಿಯ ಮೇಲೆ ಕೈ ಊರಿದಳು. ಪ್ರೀತಿಗಲ್ಲ, ನಾನು ಏಳದಿರಲಿ ಅಂತ.

ಒಳಗೆ ಕಾಫಿ ಲೋಟದ ಸದ್ದಾಯಿತು. ಬಾಗಿಲ ಪರದೆ ಅಲುಗಿತು. ಅದೇ ಹೊತ್ತಿಗೆ ಹಿತ್ತಲ ಬಾವಿಯ ಕಡೆಯಿಂದ ಪಂಪು ಗುಂಯ್ ಅಂತು. ಕರೆಂಟು ಬಂದಿತ್ತು.

ಅವ್ವನ ಕೈ ಎಲ್ಲಿ ಹೋಯಿತೋ, ನಾನು ಎಲ್ಲಿ ದಾಟಿದೆನೋ ಗೊತ್ತಿಲ್ಲ. ಹುಡುಗಿ ತಟ್ಟೆ ಹಿಡಿದು ಹೊರಗೆ ಬಂದಾಗ ಜಮಖಾನದ ನಡುವೆ ಗಂಡು ಇರಲಿಲ್ಲ. ನಾನು ಪಂಪು ಮನೆಯ ಮುಂದೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ. ಹಿಂದೆಯೇ ಅಣ್ಣ, ತಮ್ಮ, ಮೇಷ್ಟ್ರು, ಶಪಿಸುತ್ತಾ ಅವ್ವ, ಎಲ್ಲರೂ ಬಂದರು. ಕೊನೆಯಲ್ಲಿ ಕಾಫಿ ತಟ್ಟೆ ಹಿಡಿದು ಆ ಹುಡುಗಿಯೂ ಬಂದಳು.

ಕೆಂಪು ದೀಪ ಉರಿಯುತ್ತಿತ್ತು. ನೀರು ಅಣ್ಣನ ಕಡೆ ಹರಿಯುತ್ತಿತ್ತು. ಗಂಟೆ ಹೊಡೆಯಿತು, ಹಸಿರು ಹತ್ತಿತು. ತಮ್ಮ, ಅಣ್ಣನ ಕಾಲುವೆಗೆ ಮಣ್ಣು ಎಳೆದು, ತನ್ನ ಕಾಲುವೆಯ ಬಾಯಿ ಕಡಿದರು. ನೀರು ಆ ಕಡೆ ತಿರುಗಿತು. ಈಗಲೇ ಹಿಗ್ಗುವಂತಿಲ್ಲ. ಹಸಿರು ತಕ್ಷಣ ಆರಿದರೆ ಹಳೆಯ ತಪ್ಪು, ಆರದೇ ಇದ್ದರೆ ಹೊಸ ತಪ್ಪು. ನಾನು ಸುತ್ತಿದೆ. ತಕ್ಷಣ ಆರಲಿಲ್ಲ. ಇನ್ನೂ ಸುತ್ತಿದೆ. ಕೊನೆಗೆ ಗಂಟೆ ಹೊಡೆಯಿತು, ಕೆಂಪು ಹತ್ತಿತು. ಅಣ್ಣ ತಿರುಗಿಸಿಕೊಂಡರು. ಮತ್ತೆ ಗಂಟೆ, ಮತ್ತೆ ಹಸಿರು. ತಮ್ಮ ಮತ್ತೆ ಬಾಯಿ ಕಡಿದರು.

"ಸರಿ ಹೋಯ್ತಲ್ಲಣ್ಣಾ. ಈಗೇನಂತೀಯ?" ಅಂದರು ತಮ್ಮ.

ಅಣ್ಣ, ತಮ್ಮನ ಕಡೆಗೆ ಹೋಗುತ್ತಿದ್ದ ನೀರನ್ನೇ ನೋಡುತ್ತಾ, "ಡಬ್ಬಿ ಸರಿ ಐತೆ. ಹೆಣ್ಣಿನ ವಿಷಯ ನಿಧಾನವಾಗಿ ಯೋಚನೆ ಮಾಡಾಣ" ಅಂದರು.

ನಾನು ಮತ್ತೆ ಸುತ್ತಲು ಶುರು ಮಾಡಿದೆ. ಆಗ ಹುಡುಗಿ ಅಂದಳು: "ನಿಮ್ಮನ್ನ ನೋಡಿ ನಂಗೆ ತಲೆ ಸುತ್ತಾ ಐತೆ. ಕಾಫಿ ಆರೋಗುತ್ತೆ, ಒಂದು ಕಡೆ ಕೂತ್ಕೊಳ್ಳಿ."

ಅವ್ವ ಹೇಳಿ, ಮೇಷ್ಟ್ರು ಹೇಳಿ ಆಗದ ಕೆಲಸ ಅದು. ಅವಳು ಹೇಳಿದ ಕೂಡಲೇ ಕೂತುಬಿಟ್ಟೆ. ಎಲ್ಲಿ ಅಂತ ನೋಡಲಿಲ್ಲ. ಆಗ ತಾನೇ ಕಡಿದ ತಮ್ಮನ ಕಾಲುವೆಯ ಬಾಯಿಯೊಳಗೆ, ಹೊಸ ಪಂಚೆ ಸಮೇತ, ಮುಚ್ಚಳ ಹಾಕಿದಂಗೆ ಕೂತೆ. ನೀರು ನನ್ನ ಬೆನ್ನಿಗೆ ಬಡಿದು ನಿಂತಿತು, ಏರಿತು, ಅಣ್ಣನ ಕಡೆಯ ಮಣ್ಣು ಕೊಚ್ಚಿಕೊಂಡು ಅವರ ಹೊಲಕ್ಕೆ ಹರಿಯಿತು.

"ಏಳಪ್ಪಾ ಏಳು, ನನ್ನ ಪಾಲಿನ ನೀರು" ಅಂತ ತಮ್ಮ ಗುದ್ದಲಿ ಹಿಡಿದು ಓಡಿಬಂದರು.

ಅಣ್ಣ ಒಂದು ಸಲ ತನ್ನ ಹೊಲ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

"ಅಳಿಯಂದ್ರೇ, ಏಳ್ಬೇಡಿ. ಕಾಫಿ ಕುಡಿಯೋವರ್ಗೂ ಅಲ್ಲೇ ಕೂತಿರಿ."